ಬೀಟ್ ಕೂಡ್ತಿಲ್ವಾ? ಕಿವಿಯಿಂದ ವೇಗ ಹಿಡಿಯುವ ಹೊಸ ಡಿಜೆಗಳಿಗೆ ದೋಷ ನಿವಾರಣೆ ಕೈಪಿಡಿ

ಹಳೇ ದಾವಣಗೆರೆಯ ಒಂದು ಓಣಿಯ ಗಣಪತಿ ಮೆರವಣಿಗೆ. ಸಂಜೆ ನಾಲ್ಕು ಗಂಟೆ. ಟ್ರ್ಯಾಕ್ಟರ್ ಟ್ರಾಲಿ ಮೇಲೆ ಲ್ಯಾಪ್‌ಟಾಪ್, ಕಂಟ್ರೋಲರ್, ನಾನು. ಬಿಸಿಲು ಸೀದಾ ಪರದೆ ಮೇಲೆ ಬಿದ್ದು ನನ್ನ ಮುಖ ಬಿಟ್ಟು ಅದರಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ, ಓದೋಕೂ ಆಗಲಿಲ್ಲ. ಓಡುತ್ತಿದ್ದ ಹಾಡಿನ ಮೇಲೆ ಅಂದಾಜಿನಲ್ಲೇ ಎರಡನೇ ಹಾಡು ಬಿಟ್ಟೆ, ಎರಡರ ಬೀಟೂ ಒಟ್ಟಿಗೆ ಬೀಳಬೇಕಿತ್ತು. ಎರಡು ಟಾಂಗಾ ಒಟ್ಟಿಗೆ ಓಡಿದ ಹಾಗೆ ಟಕಟಕ ಟಕಟಕ ಶುರುವಾಯಿತು. ಮುಂದೆ ಕುಣಿಯುತ್ತಿದ್ದ ಹುಡುಗರು ಎತ್ತಿದ ಕೈ ಎತ್ತಿದ ಹಾಗೇ ನಿಂತು, ತಿರುಗಿ ನನ್ನನ್ನೇ ನೋಡಿದರು.

ಬೀಟ್ ತಪ್ಪಿದೆ ಅಂತ ಅವರಿಗೂ ಕೇಳಿತ್ತು, ನನಗೂ ಕೇಳಿತ್ತು. ಆದರೆ ಎರಡರಲ್ಲಿ ಯಾವ ಹಾಡು ಮುಂದೆ ಓಡುತ್ತಿದೆ ಅನ್ನುವುದು ನನಗೆ ಕೇಳಲಿಲ್ಲ. ಹೊಸಬರ ಮುಕ್ಕಾಲು ಪಾಲು ತೊಂದರೆ ಇಷ್ಟೇ. ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಎರಡು ಹಾಡಿನ ಬೀಟನ್ನು ತಾನೇ ಕೂಡಿಸುವ ಸಿಂಕ್ ಬಟನ್ ಒತ್ತುವುದು ಪಾಪ ಏನಲ್ಲ. ನಾನೂ ಒತ್ತುತ್ತೇನೆ. ಆದರೆ ಸಿಂಕ್ ನಂಬುವುದು ಸಾಫ್ಟ್‌ವೇರ್ ಹಾಕಿದ ಬೀಟ್ ಗೆರೆಗಳನ್ನು. ಆ ಗೆರೆಗಳೇ ತಪ್ಪಿದ್ದರೆ ಸಿಂಕ್ ಕೂಡ ಧೈರ್ಯವಾಗಿ ತಪ್ಪೇ ಮಾಡುತ್ತದೆ. ಆಗ ಕಾಯೋದು ಕಿವಿ ಮಾತ್ರ.

## ಶುರು ಮಾಡುವ ಮುಂಚೆ

ವೈರ್ ಇರುವ ಹೆಡ್‌ಫೋನ್ ಬೇಕು. ಎರಡು ಹಾಡು ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕರಿ ಇನ್ಸುಲೇಷನ್ ಟೇಪ್ ಬೇಕು. ಪರದೆಯಲ್ಲಿ ಬಿಪಿಎಂ ತೋರಿಸುವ ಕಡೆ ಟೇಪ್ ಅಂಟಿಸಿ. ಅಲೆಅಲೆಯಾಗಿ ಹರಿಯುವ ವೇವ್‌ಫಾರ್ಮ್ ಇರುತ್ತಲ್ಲ, ಅದನ್ನೂ ಮುಚ್ಚಿ. ಸಿಂಕ್ ಆಫ್ ಮಾಡಿ. ಕಂಟ್ರೋಲರ್ ಇಲ್ಲದಿದ್ದರೆ ಮಿಕ್ಸ್ (Mixxx) ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಕಲಿಯೋಕೆ ಅಷ್ಟು ಸಾಕು. ಶುರುವಿನಲ್ಲಿ ಒಂದೇ ಹದದ ಡೊಳ್ಳಿನಂತೆ ಧಮ್ ಧಮ್ ಅನ್ನುವ ಹೌಸ್ ಹಾಡುಗಳೇ ವಾಸಿ. ಅವು ಹೆಚ್ಚಾಗಿ 120ರಿಂದ 128ರ ಒಳಗೆ ಇರುತ್ತವೆ. ಸಿನಿಮಾ ಹಾಡು ಆಮೇಲೆ.

## ಲಕ್ಷಣ: "ಎಣಿಸಿದಾಗಲೆಲ್ಲ ಬೇರೆ ಬೇರೆ ಲೆಕ್ಕ ಬರುತ್ತೆ"

ಗಡಿಯಾರ ನೋಡಿಕೊಂಡು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲರೂ ಮಾಡುವ ಕೆಲಸ. ಇದರಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು, ಮೊದಲ ಬೀಟಿಗೆ "ಒಂದು" ಅನ್ನುವುದು. ಹಾಗೆ ಎಣಿಸಿದರೆ ಪ್ರತಿ ಸಲ ಒಂದು ಬೀಟ್ ಜಾಸ್ತಿ ಬರುತ್ತದೆ. ಗಡಿಯಾರ ಶುರುವಾದಾಗ ಬಿದ್ದ ಬೀಟಿಗೆ "ಸೊನ್ನೆ" ಅನ್ನಿ, ಅದರ ಮುಂದಿನದಕ್ಕೆ "ಒಂದು" ಅನ್ನಿ. ಎರಡನೆಯದು, ನಾಲ್ಕರ ಗುಣಾಕಾರ. 15 ಸೆಕೆಂಡಿನಲ್ಲಿ ಒಂದೇ ಒಂದು ಬೀಟ್ ತಪ್ಪಿದರೂ ಕೊನೆಗೆ 4 ಬಿಪಿಎಂ ತಪ್ಪಾಗುತ್ತದೆ. 30 ಸೆಕೆಂಡು ಎಣಿಸಿದರೆ ತಪ್ಪು 2ಕ್ಕೆ ಇಳಿಯುತ್ತದೆ, ಪೂರ್ತಿ ನಿಮಿಷ ಎಣಿಸಿದರೆ 1ಕ್ಕೆ.

ಅಷ್ಟಾದರೂ ಲೆಕ್ಕ ಅಲ್ಲಾಡುತ್ತಿದ್ದರೆ ನೀವು ಬೀಟ್ ಬಿಟ್ಟು ಹಾಡಿನ ಮಾತನ್ನು ಎಣಿಸುತ್ತಿದ್ದೀರಿ. ನಮ್ಮ ಮಾವ ಜಾತ್ರೆಗಳಲ್ಲಿ ಸಮಾಳ ಬಾರಿಸುವವರು. ನಾನು ಕಣ್ಣು ಮುಚ್ಚಿ ಬೆರಳಲ್ಲಿ ಎಣಿಸುತ್ತಾ ಕೂತಿದ್ದು ನೋಡಿ, "ಅಳಿಯಾ, ಏನ್ ಜಪ ಮಾಡ್ತೀಯೇನೋ? ಎದ್ದು ನಿಂತು ಕಾಲು ಹಾಕು ಮೊದ್ಲು" ಅಂದರು. ಎದ್ದು ನಿಂತು, ಬೀಟಿಗೆ ಒಂದು ಹೆಜ್ಜೆ ಹಾಕಿದೆ. ಲೆಕ್ಕ ತಾನಾಗೇ ನಿಂತಿತು. ಬೆರಳು ಗಾಯಕನ ಹಿಂದೆ ಹೋಗುತ್ತೆ, ಮೈಭಾರ ಹೊತ್ತ ಕಾಲು ಹಾಗೆ ಸುಲಭಕ್ಕೆ ಹೋಗಲ್ಲ.

## ಲಕ್ಷಣ: "ಒಂದ್ಸಲ 70 ಬರುತ್ತೆ, ಇನ್ನೊಂದ್ಸಲ 140"

ಇದು ದೋಷವೇ ಅಲ್ಲ. ಒಂದೇ ಹಾಡನ್ನು ಅರ್ಧ ವೇಗದಲ್ಲೂ ಎಣಿಸಬಹುದು, ದುಪ್ಪಟ್ಟು ವೇಗದಲ್ಲೂ ಎಣಿಸಬಹುದು. ಸಾಫ್ಟ್‌ವೇರ್ ಕೂಡ ಇಲ್ಲಿ ಎಡವುತ್ತದೆ. ಡ್ರಮ್ ಅಂಡ್ ಬೇಸ್ ಹಾಡು 174 ಇದ್ದರೆ 87 ಅಂತ ತೋರಿಸಿದ್ದು ನೋಡಿದ್ದೇನೆ. ಆ 87ರ ಜೊತೆ ಹಿಪ್‌ಹಾಪ್ ಚೆನ್ನಾಗಿಯೇ ಕೂಡುತ್ತದೆ, ಗಾಬರಿ ಬೇಡ.

ನಿಜವಾದ ತೊಡಕು ನಮ್ಮ ಕಡೆಯ ಹಾಡುಗಳಲ್ಲಿದೆ. ತಮಟೆ ಏಟು, ಟಪ್ಪಾಂಗುಚ್ಚಿ, ಎಷ್ಟೋ ಜನಪದ ಕುಣಿತದ ಹಾಡುಗಳು ಒಂದು ಬೀಟನ್ನು ಮೂರು ಪಾಲು ಮಾಡುತ್ತವೆ. ಹೌಸ್, ಹಿಪ್‌ಹಾಪ್ ಹೆಚ್ಚಾಗಿ ನಾಲ್ಕು ಪಾಲು ಮಾಡುತ್ತವೆ. ಸಾಫ್ಟ್‌ವೇರ್ ಮೂರು ಪಾಲಿನ ಹಾಡನ್ನು ನೋಡಿ ಒಂದೂವರೆ ಪಟ್ಟು ಲೆಕ್ಕ ಕೊಡುವುದುಂಟು. ನಿಜಕ್ಕೆ 100 ಇರುವ ಹಾಡು 150 ಅಂತ ಬರುತ್ತದೆ. ಆ 150 ನಂಬಿ ಸಿಂಕ್ ಒತ್ತಿದರೆ ಮುಗಿಯಿತು.

ಪರೀಕ್ಷೆಗೆ ದುಡ್ಡು ಬೇಡ. ಕಾಲು ಹಾಕುತ್ತಾ ಪ್ರತಿ ಹೆಜ್ಜೆಗೆ "ತಕಿಟ" ಅನ್ನಿ. ಆಮೇಲೆ ಪ್ರತಿ ಹೆಜ್ಜೆಗೆ "ತಕದಿಮಿ" ಅನ್ನಿ. ಯಾವುದು ಹಾಡಿನ ಸಣ್ಣ ಏಟುಗಳ ಮೇಲೆ ಸರಿಯಾಗಿ ಕೂರುತ್ತದೋ ಹಾಡು ಅದು. ತಕಿಟ ಹಾಡನ್ನೂ ತಕದಿಮಿ ಹಾಡನ್ನೂ ಒಂದೇ ಬಿಪಿಎಂಗೆ ತಂದರೆ ದೊಡ್ಡ ಏಟುಗಳು ಕೂಡುತ್ತವೆ, ನಡುವಿನ ಏಟುಗಳು ಜಗಳ ಆಡುತ್ತವೆ. ಅದನ್ನು ವೇಗ ಬದಲಿಸುವ ಯಾವ ಸ್ಲೈಡರೂ ಸರಿ ಮಾಡಲ್ಲ. ಅಂಥ ಹಾಡುಗಳನ್ನು ಒಂದರ ಮೇಲೊಂದು ಓಡಿಸಬೇಡಿ, ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗಿ.

## ಲಕ್ಷಣ: "ತಪ್ಪಿದೆ ಅಂತ ಗೊತ್ತು. ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗ್ತಿಲ್ಲ"

ಇಲ್ಲಿ ನಿಧಾನಕ್ಕೆ ಹೋಗೋಣ. ಒಂದೊಂದು ಹಾಡು ಓಡಿಸುವ ಭಾಗಕ್ಕೆ ಡೆಕ್ ಅಂತಾರೆ.

ಎರಡೂ ಡೆಕ್‌ಗೆ ಒಂದೇ ಹಾಡು ಹಾಕಿ. ಹೌದು, ಅದೇ ಹಾಡೇ. ವೇಗ ಒಂದೇ ಇರುವುದರಿಂದ ಅರ್ಧ ಸಮಸ್ಯೆ ಅಲ್ಲಿಗೇ ಕಳೆಯಿತು. ಎರಡೂ ಸರಿಯಾಗಿ ಕೂಡಿದಾಗ ಒಂದು ವಿಚಿತ್ರ ಸದ್ದು ಬರುತ್ತದೆ. ಹಾಡು ಬೋರ್‌ವೆಲ್ ಪೈಪಿನೊಳಗಿಂದ ಬಂದ ಹಾಗೆ, ಟೊಳ್ಳಾಗಿ "ಹೂಶ್" ಅಂತ ತಿರುಗುತ್ತದೆ. ಎರಡು ಹಾಡಿನ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ತುಂಬಾ ಕಡಿಮೆ ಅಂತರ ಇದ್ದಾಗ ಮಾತ್ರ ಆ ಸದ್ದು ಹುಟ್ಟುತ್ತದೆ. ಒಂದ್ಸಲ ಕೇಳಿದರೆ ಮರೆಯಲ್ಲ.

ಈಗ ಇಕ್ವಲೈಜರ್ ಹಿಡಿಯಿರಿ, ಅಂದರೆ ಚೂಪು ಸದ್ದು (ಹೈ), ದಪ್ಪ ಸದ್ದು (ಬೇಸ್) ಬೇರೆಬೇರೆಯಾಗಿ ಏರಿಸಿ ಇಳಿಸುವ ಗುಂಡಿಗಳು. ಮೊದಲ ಡೆಕ್‌ನ ಹೈ ಪೂರ್ತಿ ಇಳಿಸಿ, ಅದು ಬರೀ "ಧಮ್" ಆಗಲಿ. ಎರಡನೇ ಡೆಕ್‌ನ ಬೇಸ್ ಪೂರ್ತಿ ಇಳಿಸಿ, ಅದು ಬರೀ "ಟಿಕ್" ಆಗಲಿ. ಹೆಡ್‌ಫೋನಿನಲ್ಲಿ ಎರಡನ್ನೂ ಕೇಳಿ. ಎರಡನೇ ಡೆಕ್‌ನ ದುಂಡನೆಯ ಚಕ್ರ, ಅಂದರೆ ಜಾಗ್ ವೀಲ್ ಅನ್ನು ಬೆರಳ ತುದಿಯಲ್ಲಿ ಸ್ವಲ್ಪ ಮುಂದಕ್ಕೆ ತಳ್ಳಿ. "ಟಿಕ್‌ಧಮ್, ಟಿಕ್‌ಧಮ್" ಅಂತ ಕೇಳುತ್ತದೆ. ಟಿಕ್ ಮುಂಚೆ ಬಂದರೆ ಎರಡನೆಯದು ಮುಂದೆ ಇದೆ. ಹಿಂದಕ್ಕೆ ಎಳೆಯಿರಿ. "ಧಮ್‌ಟಿಕ್, ಧಮ್‌ಟಿಕ್". ಅದು ಹಿಂದೆ ಬಿದ್ದಿದೆ. ಈ ಎರಡು ಸದ್ದಿನ ವ್ಯತ್ಯಾಸ ಕಿವಿಗೆ ಕೂತರೆ ಉಳಿದದ್ದು ಬರೀ ಅಭ್ಯಾಸ.

ಆಮೇಲೆ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ನಾನು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದೆ, ತಂಗಿ ಎರಡನೇ ಡೆಕ್‌ನ ಟೆಂಪೊ ಸ್ಲೈಡರನ್ನು ಚೂರು ಮೇಲಕ್ಕೋ ಕೆಳಕ್ಕೋ ಸರಿಸಿ ಟವೆಲ್ ಮುಚ್ಚುತ್ತಿದ್ದಳು. "ಮುಂದೆ" ಅಥವಾ "ಹಿಂದೆ" ಅಂತ ನಾನು ಹೇಳಬೇಕು. ತಪ್ಪಿದರೆ ಅವಳಿಗೆ ಒಂದು ಮಿರ್ಚಿ. ಮೊದಲ ವಾರ ಮಂಡಕ್ಕಿ ಮಿರ್ಚಿ ಅಂಗಡಿಯವನಿಗೆ ನಾನು ಖಾಯಂ ಗಿರಾಕಿ. ಮೂರನೇ ವಾರ ಅವಳಿಗೆ ಆಟದ ಮೇಲೆ ಬೇಜಾರು ಬಂತು.

ಒಂದು ಎಚ್ಚರಿಕೆ. ಅಂತರ ಅರ್ಧ ಬೀಟ್ ಮುಟ್ಟಿದರೆ ಮುಂದೆಯೋ ಹಿಂದೆಯೋ ಅಂತ ಯಾರ ಕಿವಿಗೂ ಗೊತ್ತಾಗಲ್ಲ, ಎರಡೂ ಕಡೆಗೆ ದೂರ ಒಂದೇ. ಅಲ್ಲಿ ಒದ್ದಾಡಬೇಡಿ. ಗುರುತಿಟ್ಟ ಜಾಗಕ್ಕೆ ಮರಳಿಸುವ ಕ್ಯೂ ಬಟನ್ ಒತ್ತಿ ಮೊದಲ ಬೀಟಿಗೆ ವಾಪಸ್ ಹೋಗಿ ಮತ್ತೆ ಬಿಡಿ. ಜನರ ಮುಂದೆ ಇರುವಾಗ ಗೊತ್ತಾಗದೇ ಹೋದರೆ, ಹೆಡ್‌ಫೋನಿನ ಹಾಡನ್ನು ಜಾಗ್ ವೀಲಿನಿಂದ ಯಾವುದೋ ಒಂದು ಕಡೆ ಸುಮ್ನೆ ತಳ್ಳಿ ನೋಡಿ. ಅಂತರ ಕಡಿಮೆಯಾದರೆ ಸರಿ ದಾರಿ. ಜಾಸ್ತಿಯಾದರೆ ಉಲ್ಟಾ. ಹೆಡ್‌ಫೋನಿನಲ್ಲಿ ಎಷ್ಟು ತಪ್ಪಿದರೂ ಜನರಿಗೆ ಕೇಳಲ್ಲ.

## ಲಕ್ಷಣ: "ಕೂಡಿಸಿದ ಹತ್ತು ಸೆಕೆಂಡಿಗೆ ಮತ್ತೆ ಜಾರುತ್ತೆ"

ಜಾಗ್ ವೀಲ್ ಸರಿ ಮಾಡುವುದು ಜಾಗವನ್ನು, ವೇಗವನ್ನಲ್ಲ. ಪಿ.ಬಿ. ರೋಡಿನಲ್ಲಿ ಪಕ್ಕಪಕ್ಕ ಹೋಗುವ ಎರಡು ಬೈಕ್ ನೆನೆಸಿಕೊಳ್ಳಿ. ಹಿಂದೆ ಬಿದ್ದವನನ್ನು ಒಂದ್ಸಲ ತಳ್ಳಿ ಜೊತೆಗೆ ತರಬಹುದು. ಅವನ ಆಕ್ಸಿಲರೇಟರ್ ಕಡಿಮೆ ಇದ್ದರೆ ಮತ್ತೆ ಹಿಂದೆ ಬೀಳುತ್ತಾನೆ. ಆಕ್ಸಿಲರೇಟರ್ ಅಂದರೆ ಟೆಂಪೊ ಸ್ಲೈಡರ್.

ಅಂತರ ಒಂದೇ ಅಳತೆಯಲ್ಲಿ ನಿಂತಿದ್ದರೆ ಜಾಗ್ ವೀಲ್ ಸಾಕು. ಅಂತರ ಬೆಳೆಯುತ್ತಿದ್ದರೆ ಸ್ಲೈಡರ್. ಪದೇ ಪದೇ ಮುಂದಕ್ಕೇ ತಳ್ಳುತ್ತಿದ್ದೀರಾ? ಆ ಹಾಡಿಗೆ ವೇಗ ಕಡಿಮೆ ಇದೆ, ಕೈ ಸ್ಲೈಡರಿಗೆ ಹೋಗಲಿ.

ಎಷ್ಟು ಸರಿಸಬೇಕು ಅನ್ನುವುದನ್ನೂ ಕಿವಿಯೇ ಹೇಳುತ್ತದೆ. 1 ಬಿಪಿಎಂ ವ್ಯತ್ಯಾಸ ಇದ್ದರೆ ಒಂದು ನಿಮಿಷಕ್ಕೆ ಸರಿಯಾಗಿ ಒಂದು ಬೀಟ್ ಜಾರುತ್ತದೆ. ಅಂದರೆ 30 ಸೆಕೆಂಡಿಗೆ ಅರ್ಧ ಬೀಟ್, ಅಲ್ಲಿ ಪೂರ್ತಿ ತಿರುಗಾಮುರುಗಾ ಕೇಳುತ್ತದೆ. ಕೂಡಿಸಿದ ಮೇಲೆ ತಿರುಗಾಮುರುಗಾ ಆಗಲು 15 ಸೆಕೆಂಡು ಹಿಡಿದರೆ 2 ಬಿಪಿಎಂ ವ್ಯತ್ಯಾಸ. ಒಂದು ನಿಮಿಷ ಹಿಡಿದರೆ ಬರೀ ಅರ್ಧ. 120ರ ಹಾಡಿಗೆ 1 ಬಿಪಿಎಂ ಅಂದರೆ ಸ್ಲೈಡರಿನಲ್ಲಿ ಸುಮಾರು 0.8 ಶೇಕಡಾ. ಮೊದಲು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಸರಿಸಿ, ಜಾರುವ ದಿಕ್ಕು ಬದಲಾದರೆ ಅರ್ಧ ವಾಪಸ್ ಬನ್ನಿ. ಮತ್ತೆ ಅದರರ್ಧ.

ಇಷ್ಟೆಲ್ಲ ಮಾಡಿದರೂ ಜಾರುತ್ತಿದ್ದರೆ ಈ ಕ್ರಮದಲ್ಲಿ ನೋಡಿ.

ಸ್ಲೈಡರ್ ಉಲ್ಟಾ ಸರಿಸುತ್ತಿಲ್ಲ ತಾನೇ? ಹೆಚ್ಚಿನ ಕಂಟ್ರೋಲರ್‌ಗಳಲ್ಲಿ ನಮ್ಮ ಕಡೆ ಎಳೆದರೆ ವೇಗ ಹೆಚ್ಚು, ಆಚೆ ತಳ್ಳಿದರೆ ಕಡಿಮೆ. ಮೇಲೆ ಅಂದರೆ ಜಾಸ್ತಿ ಅಂತ ನಮ್ಮ ತಲೆ ಹೇಳುತ್ತದೆ, ಇಲ್ಲಿ ಅದು ಸುಳ್ಳು. ನಾನು ಒಂದು ತಿಂಗಳು ಇದರಲ್ಲೇ ಕಳೆದೆ.

ಸ್ಲೈಡರ್ ರೇಂಜ್ ಎಷ್ಟಿದೆ? 16 ಶೇಕಡಾ ಇಟ್ಟುಕೊಂಡರೆ ಬೆರಳು ಕೂದಲೆಳೆ ಸರಿದರೂ ವೇಗ ಹಾರುತ್ತದೆ. 6 ಅಥವಾ 8ಕ್ಕೆ ಇಳಿಸಿ. 1979ರಲ್ಲಿ ಬಂದ ಟೆಕ್ನಿಕ್ಸ್ 1200 ಮಾರ್ಕ್ 2 ಟರ್ನ್‌ಟೇಬಲ್‌ನ ಸ್ಲೈಡರಿಗೆ ಎರಡೂ ಕಡೆ ಇದ್ದದ್ದು 8 ಶೇಕಡಾ. ಅಷ್ಟರಲ್ಲೇ ಒಂದು ತಲೆಮಾರಿನ ಡಿಜೆಗಳು ಕೆಲಸ ಮಾಡಿದರು.

ಹಾಡು ಹಳೆಯದಾ? ತಾಳ ಹಿಡಿಯಲು ಕಿವಿಗೆ ಕೊಡುವ ಕ್ಲಿಕ್ ಸದ್ದು ಇಲ್ಲದೆ, ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಾಡಿನಲ್ಲಿ ವೇಗ ಉಸಿರಾಡುತ್ತದೆ. ಪಲ್ಲವಿ ಒಂದು ವೇಗ, ಚರಣಕ್ಕೆ ಚೂರು ಬೇರೆ. ಹಾಡಿನ ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಬೇರೆಬೇರೆಯಾಗಿ ಎಣಿಸಿ ನೋಡಿ. ಎರಡೂ ಕೂಡದಿದ್ದರೆ ದೋಷ ನಿಮ್ಮದಲ್ಲ. ಅಂಥ ಹಾಡಿಗೆ ಬೆರಳು ಕೊನೇವರೆಗೂ ಜಾಗ್ ವೀಲ್ ಮೇಲೇ ಇರಬೇಕು, ಮಿಕ್ಸ್ ಚಿಕ್ಕದಾಗಿ ಮುಗಿಸಬೇಕು.

ಹಾಡು ಹೊಸದು, ವೇಗ ಒಂದೇ, ಆದರೂ ಕೈ ಮುಟ್ಟದೇ ವೇಗ ಅಲ್ಲಾಡುತ್ತಿದೆ ಅಂದರೆ ಟೇಪ್ ತೆಗೆದು ಸಂಖ್ಯೆ ನೋಡಿ. ಸ್ಲೈಡರ್ ಮುಟ್ಟದಿದ್ದರೂ ಸಂಖ್ಯೆ ತಾನಾಗಿ ಕುಣಿದರೆ ಸ್ಲೈಡರಿನೊಳಗೆ ಧೂಳು ಸೇರಿದೆ ಅಥವಾ ಸವೆದಿದೆ. ನಮ್ಮೂರ ಧೂಳಿಗೆ, ಭಂಡಾರ ಗುಲಾಲಿನ ಪುಡಿಗೆ ಇದು ಆಗುವ ಮಾತೇ. ಮೇಲಿಂದ ಒಣ ಬ್ರಶ್ ಆಡಿಸಿ. ಸರಿಹೋಗದಿದ್ದರೆ ರಿಪೇರಿಯವರಿಗೆ ಕೊಡಿ, ಎಣ್ಣೆ ಮಾತ್ರ ಬಿಡಬೇಡಿ.

## ಲಕ್ಷಣ: "ಬೀಟ್ ಕೂಡಿದೆ, ಆದ್ರೂ ಏನೋ ಸರಿಯಿಲ್ಲ"

ಹರಿಹರದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಎರಡೂ 124 ಅಂತ ಐತಿ, ಏಟು ಮೇಲೆ ಏಟು ಬೀಳ್ತೈತಿ, ಆದ್ರೂ ಎಡವಿದಂಗೆ ಕೇಳ್ತೈತಿ." ಫೋನಿನಲ್ಲೇ ಕೇಳಿಸಿಕೊಂಡೆ. ಒಂದು ಹಾಡಿನ "ಒಂದು" ಇನ್ನೊಂದು ಹಾಡಿನ "ಎರಡು" ಮೇಲೆ ಬಿದ್ದಿತ್ತು.

ಈ ಹಾಡುಗಳಲ್ಲಿ ಬೀಟುಗಳು ನಾಲ್ಕುನಾಲ್ಕಾಗಿ ಬರುತ್ತವೆ, ಚಪ್ಪಾಳೆ ಹೆಚ್ಚಾಗಿ ಎರಡು ಮತ್ತು ನಾಲ್ಕರ ಮೇಲೆ. ಎರಡೂ ಹಾಡಿನ ಚಪ್ಪಾಳೆ ಒಟ್ಟಿಗೆ ಬೀಳುತ್ತಿದೆಯಾ ಕೇಳಿ. ಬೀಳುತ್ತಿದ್ದರೂ ಸರಿಯಿಲ್ಲ ಅನ್ನಿಸಿದರೆ 32 ಬೀಟ್ ಎಣಿಸಿ. ಹಾಡಿನಲ್ಲಿ ಹೊಸದೇನಾದರೂ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಯೇ. ಹೊಸ ಹಾಡನ್ನು ಆ ಬಾಗಿಲಲ್ಲೇ ಬಿಡಿ.

## ಲಕ್ಷಣ: "ಮನೆಯಲ್ಲಿ ಸರಿ, ಮೆರವಣಿಗೆಯಲ್ಲಿ ತಪ್ಪು"

ಮೊದಲು ಹೆಡ್‌ಫೋನ್ ನೋಡಿ. ಬ್ಲೂಟೂತ್ ಆದರೆ ಬೇರೆ ಕಾರಣ ಹುಡುಕಲೇಬೇಡಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಎಷ್ಟೋ ಹೆಡ್‌ಫೋನ್‌ಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಜಾಸ್ತಿ. ಸಿನಿಮಾ ನೋಡೋಕೆ ಅದು ಪರವಾಗಿಲ್ಲ, ಇದಕ್ಕೆ ಆಗಲ್ಲ.

ವೈರಿನದೇ ಆದರೆ, ಸ್ಪೀಕರ್ ಎಷ್ಟು ದೂರ ಇದೆ ನೋಡಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಾಕ್ಸ್‌ಗಳು ಮುಂದಿನ ಗಾಡಿಯಲ್ಲಿ, ನೀವು ಹಿಂದಿನ ಗಾಡಿಯಲ್ಲಿ, ನಡುವೆ 17 ಮೀಟರ್ ಅಂದರೆ ಸದ್ದು ನಿಮಗೆ ಮುಟ್ಟುವಷ್ಟರಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆದಿರುತ್ತದೆ. 120ರ ಹಾಡಿನಲ್ಲಿ ಅದು ಬೀಟಿನ ಹತ್ತನೇ ಒಂದು ಪಾಲು. ನಿಮ್ಮ ಕಿವಿಗೆ ಸರಿಯಾಗಿ ಕೂಡಿಸಿದ್ದು ಸ್ಪೀಕರ್ ಎದುರು ಇರುವವರಿಗೆ ಟಕಟಕ. ಇನ್ನು ಎದುರಿನ ಕಟ್ಟಡಕ್ಕೆ ಹೊಡೆದು ವಾಪಸ್ ಬರುವ ಸದ್ದು ಸೇರಿದರೆ ಕೇಳೋದೇ ಬೇಡ. ಮಂಡಿಪೇಟೆಯಂಥ ಇಕ್ಕಟ್ಟಿನಲ್ಲಿ ಒಂದು ಚಪ್ಪಾಳೆ ನಾಲ್ಕಾಗುತ್ತದೆ.

ಮದ್ದು ಸುಲಭ. ಹೆಡ್‌ಫೋನಿನ ಕ್ಯೂ ಮಿಕ್ಸ್ ನಾಬ್ (ಹೊರಗೆ ಓಡುವ ಹಾಡು, ಮುಂದಿನ ಹಾಡು ಎರಡನ್ನೂ ಬೆರೆಸುವ ತಿರುಗುಗುಂಡಿ) ನಡುವಿಗೆ ತಂದು ಎರಡೂ ಹಾಡನ್ನು ಹೆಡ್‌ಫೋನಿನಲ್ಲೇ ಕೇಳಿ ಕೂಡಿಸಿ. ದೂರದ ಬಾಕ್ಸನ್ನು ನಂಬಬೇಡಿ. ಕೈಲಾದರೆ ಒಂದು ಸಣ್ಣ ಮಾನಿಟರ್ ಸ್ಪೀಕರ್ ಪಕ್ಕದಲ್ಲೇ ಇಟ್ಟುಕೊಳ್ಳಿ.

## ಲಕ್ಷಣ: "ಸೌಂಡ್ ಜಾಸ್ತಿ ಕೊಟ್ರೆ ಮಾತ್ರ ಬೀಟ್ ಗೊತ್ತಾಗುತ್ತೆ"

ಇಲ್ಲಿ ತಮಾಷೆ ಬೇಡ. ಕಿವಿ ದಣಿದಿದೆ ಅಂತ ಅರ್ಥ. ಜಾಸ್ತಿ ಕೊಟ್ಟಷ್ಟೂ ಕಡಿಮೆ ಕೇಳುತ್ತದೆ, ಮತ್ತೆ ಜಾಸ್ತಿ ಕೊಡುತ್ತೀರಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಒಂದು ಲೆಕ್ಕ ಇದೆ. ಅದಕ್ಕೆ 3 ಡೆಸಿಬಲ್ ಸೇರಿದಾಗಲೆಲ್ಲ ಹೊತ್ತು ಅರ್ಧ ಆಗುತ್ತದೆ. ಹಾಗೆ ನೋಡಿದರೆ 100 ಡೆಸಿಬಲ್‌ಗೆ 15 ನಿಮಿಷವಷ್ಟೇ. ಬಾಕ್ಸ್ ಪಕ್ಕ ನಿಂತವರಿಗೆ 100 ದೊಡ್ಡ ಮಾತಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ. ಹತ್ತಿ ಸಾಲದು.

ಅಭ್ಯಾಸ ಮಾಡುವಾಗ ಹೆಡ್‌ಫೋನ್ ಹಾಕಿಕೊಂಡೇ ಪಕ್ಕದವರ ಮಾತು ಕೇಳುವಷ್ಟು ಸದ್ದು ಸಾಕು. ಅಷ್ಟರಲ್ಲಿ ಬೀಟ್ ಸಿಗದಿದ್ದರೆ ಸದ್ದು ಏರಿಸಬೇಡಿ, ಅವತ್ತಿಗೆ ಎದ್ದುಬಿಡಿ. ಕಿವಿಯಲ್ಲಿ ಗುಂಯ್ ಅನ್ನೋದು ಮಾರನೇ ದಿನವೂ ನಿಲ್ಲದಿದ್ದರೆ ಕಿವಿ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅವತ್ತೇ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು.

## ಕೈ ತೆಗೆದು ಬೇರೆಯವರನ್ನು ಕರೆಯಬೇಕಾದ ಜಾಗ

ಕಂಟ್ರೋಲರಿನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಂ ಅಂದರೆ ಅದು ಬೀಟಿನ ಸಮಸ್ಯೆ ಅಲ್ಲ, ಕರೆಂಟಿನ ಸಮಸ್ಯೆ. ಎಲ್ಲ ಅಲ್ಲಿಗೇ ನಿಲ್ಲಿಸಿ, ಜನರೇಟರ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಸ್ಪೀಕರಿನಲ್ಲಿ ಗೂಂ ಅಂತ ಬರುತ್ತದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗಣಪತಿ ಹಬ್ಬ ಅಂದರೆ ಮಳೆಗಾಲ, ಟ್ರಾಲಿ ಒದ್ದೆ, ಕಾಲು ಒದ್ದೆ. ಆ ಪಿನ್ ಇರುವುದು ನಿಮ್ಮ ಜೀವಕ್ಕೆ. ಬಾಕ್ಸ್ ಮೇಲೆ ಬಾಕ್ಸ್ ಏರಿಸಿದಾಗ ತಲೆ ಮೇಲಿನ ವಿದ್ಯುತ್ ತಂತಿ ನೋಡಿಕೊಳ್ಳಲು ಒಬ್ಬನನ್ನು ಅದಕ್ಕೆಂದೇ ನಿಲ್ಲಿಸಿ.

ಡಿಜೆಗೆ ಅನುಮತಿ ಇದೆಯಾ ಅಂತ ಮುಂಚೆಯೇ ಠಾಣೆಯಲ್ಲಿ ಕೇಳಿ. ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ.

ಇನ್ನು ಎರಡು ಮೂರು ತಿಂಗಳು ದಿನಾ ಅರ್ಧ ಗಂಟೆ ಕೂತರೂ ಟಿಕ್‌ಧಮ್, ಧಮ್‌ಟಿಕ್ ಒಂದೇ ಥರ ಕೇಳುತ್ತಿದ್ದರೆ ಕಂಟ್ರೋಲರ್ ಮುಚ್ಚಿಡಿ. ಹತ್ತಿರದ ಡೊಳ್ಳಿನ ತಂಡಕ್ಕೋ ತಬಲಾ ಕಲಿಸುವವರ ಹತ್ತಿರವೋ ಹೋಗಿ ತಾಳ ಹಾಕುತ್ತಾ ಕೂರಿ. ನಾನು ಹೋಗಿದ್ದು ಮಾವನ ಹತ್ತಿರ. ಸಮಾಳ ಕೊಡಲಿಲ್ಲ, ಕೈಗೆ ತಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಅರ್ಧ ಗಂಟೆ ಬಾರಿಸಿದ ಮೇಲೆ ನಿಲ್ಲಿಸಿ, "ಈಗ ನಾವಿಬ್ಬರಲ್ಲಿ ಯಾರು ಮುಂದೆ ಓಡಿದ್ವಿ ಹೇಳು" ಅಂದರು. "ನಾನೇ ಮಾವ" ಅಂದೆ. ಒಂದು ಲೋಟ ಚಾ ಬಂತು.